ಅಣ್ಣ ಯಾವ ಸಾಲಿನ ಬಂದಿ

ಜೈಲಿನ ಗೇಟು ದಾಟಿದರೆ ಬಲಗಡೆಯ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಶಾಲೆಯಲ್ಲಿ ಹಾಜರಿ ಬರೆಯುವಂತೆ ಹೊಸ ಅಂಕಿಗಳನ್ನು ಬರೆಯುತ್ತಿದ್ದರು. ವಿಚಾರಣಾ ಬಂದಿಗಳು ಇಷ್ಟು, ಸಜಾ ಬಂದಿಗಳು ಇಷ್ಟು. ಸಜೆಯವರಲ್ಲಿ ಸಾದಾ, ಕಠಿಣ, ಜೀವಾವಧಿ. ಕೊನೆಯ ಸಾಲಿನಲ್ಲಿ ಹೆಂಗಸರು. ಸಂದರ್ಶನದ ಚೀಟಿ ಹಿಡಿದು ಬೆಂಚಿನ ಮೇಲೆ ಕಾಯುವಾಗ ನನಗೆ ಓದಲು ಸಿಗುತ್ತಿದ್ದದ್ದು ಅದೊಂದೇ. ಮೊದಲ ಸಲ ಹೋದಾಗ ಅಣ್ಣ ಮೇಲಿನ ಸಾಲಿನಲ್ಲಿದ್ದ. ಒಂದೂವರೆ ವರ್ಷದ ಮೇಲೆ ಕಠಿಣ ಸಜೆಯ ಸಾಲಿಗೆ ಇಳಿದ. ವಿಚಾರಣೆ ನಡೆಯುವಾಗ ಮನೆಯ ಅಂಗಿ ತೊಡಬಹುದಿತ್ತು. ಆಮೇಲೆ ಬಿಳಿ ಅಂಗಿ, ಬಿಳಿ ಚಡ್ಡಿ, ಎದೆಯ ಮೇಲೆ ನಂಬರು. ಆ ಅಂಗಿಗೆ ಎರಡನೇ ಗುಂಡಿ ಇರಲಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಅವತ್ತು ನಾನು ಮಾತಾಡಿದ್ದು ಹೆಚ್ಚಾಗಿ ಆ ಗುಂಡಿಯ ವಿಷಯ.

ಅಣ್ಣ ಮಾಡಿದ್ದು ಏನೆಂದು ಹೇಳದೆ ಮುಂದೆ ಹೋಗಬಾರದು. ಬೇಗಾರಿನ ನಮ್ಮ ತವರಿನ ಗದ್ದೆಗೆ ಹಂದಿ ನುಗ್ಗುತ್ತಿತ್ತು. ಅಣ್ಣ ಮತ್ತು ಪಕ್ಕದ ಮನೆಯ ಅವನ ಸ್ನೇಹಿತ ಒಂದೇ ಕೋವಿ ಹಿಡಿದು ಹಂದಿ ಕಾಯಲು ಹೋದರು. ಪೊದೆ ಅಲುಗಿತೆಂದು ಅಣ್ಣ ಗುಂಡು ಹಾರಿಸಿದ. ಪೊದೆಯ ಹಿಂದೆ ಇದ್ದದ್ದು ಹಂದಿಯಲ್ಲ, ಆ ಕಡೆ ಸುತ್ತಿ ಬಂದಿದ್ದ ಸ್ನೇಹಿತ. ಅಷ್ಟಕ್ಕೇ ನಿಂತಿದ್ದರೆ ಊರು ಅದನ್ನು ಅವಘಡ ಎನ್ನುತ್ತಿತ್ತು. ಅಣ್ಣ ಹೆದರಿದ. ಕೋವಿಯನ್ನು ಒಣ ದರಗೆಲೆಯ ರಾಶಿಯಲ್ಲಿ ಹುಗಿದು, ಮನೆಗೆ ಬಂದು, ಯಾರಿಗೂ ಹೇಳದೆ ಮಲಗಿಬಿಟ್ಟ. ಆ ಮನುಷ್ಯನ ಉಸಿರು ಇನ್ನೂ ಕೆಲವು ಗಂಟೆ ಇದ್ದಿರಬೇಕು ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದರು. ಕೊಲೆಯಲ್ಲದ ನರಹತ್ಯೆ ಎಂದು ತೀರ್ಪಾಯಿತು. ಏಳು ವರ್ಷ.

ಒಳಗೆ ಹೇಗೆ ವಿಂಗಡಿಸುತ್ತಾರೆಂದು ಅಣ್ಣನೇ ಜಾಲರಿಯ ಆಚೆ ನಿಂತು ವಿವರಿಸಿದ್ದ.

"ಅಡಿಕೆ ಆರಿಸಿದಂಗೇ ಮಾರಾಯ್ತಿ. ಬೆಟ್ಟೆ ಬೇರೆ, ಗೊರಬಲು ಬೇರೆ. ಮೊದಲ್ನೇ ಸಲನಾ, ಹಳೇ ಗಿರಾಕಿನಾ ಅಂತ ಕೇಳ್ತಾರೆ. ಹಳೇ ಗಿರಾಕಿಗಳು ಚಾಳಿಬಿದ್ದೋರು, ಅವ್ರಿಗೆ ಬೇರೆ ಬ್ಯಾರಕ್ಕು. ನನ್ನಂಥೋರು ಆಕಸ್ಮಿಕ."

"ಆಕಸ್ಮಿಕ ಅಂದ್ರೆ ಎಂತದು?"

"ಇನ್ನೊಂದ್ಸಲ ಮಾಡಲ್ಲ ಅಂತ ಸರ್ಕಾರಕ್ಕೆ ನಂಬಿಕೆ ಇರೋರು." ಆಮೇಲೆ ದನಿ ತಗ್ಗಿಸಿ, "ಇಲ್ಲಿ ಅಡುಗೆ ಕೆಲ್ಸಕ್ಕೆ, ಆಫೀಸಿನ ಕೆಲ್ಸಕ್ಕೆ ಹಾಕದು ಮನುಷ್ಯರನ್ನ ಕೊಂದೋರನ್ನೇ ಗೊತ್ತಾ? ಸೈಕಲ್ ಕದ್ದೋನ್ನ ಯಾರೂ ನಂಬಲ್ಲ. ಅವ್ನು ಹೋದ ವಾರ ಹೋದ್ರೆ ಈ ವಾರ ವಾಪಸ್ ಬರ್ತಾನೆ" ಎಂದ.

ನನಗೆ ನಗು ಬಂತು. ಅಣ್ಣನೂ ನಕ್ಕ. ನಗುತ್ತಲೇ ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡ. ಕೊಂದವರು ಎಂದಾಗ ತನ್ನನ್ನೂ ಸೇರಿಸಿ ಹೇಳಿಕೊಂಡದ್ದು ಅವನಿಗೆ ಆಮೇಲೆ ಕೇಳಿಸಿರಬೇಕು.

ಶಿಕ್ಷೆಯಾದ ಮೇಲೆ ಅಮ್ಮನನ್ನು ಜಯಪುರಕ್ಕೆ, ನನ್ನ ಗಂಡನ ಮನೆಗೆ ಕರೆತಂದೆವು. ಅವಳ ಹೊಟ್ಟೆಯಲ್ಲಿ ಗಡ್ಡೆ ಇತ್ತು, ಆಪರೇಷನ್‌ಗೆ ವಯಸ್ಸು ಮೀರಿತ್ತು. ನಮ್ಮ ಅತ್ತೆ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅಮ್ಮನ ಬಟ್ಟೆಯನ್ನು ಎಷ್ಟೋ ಸಲ ಅವರೇ ಹಿಂಡಿ ಹಾಕಿದ್ದಾರೆ. ಆ ಉಪಕಾರ ನನ್ನ ಹೆಗಲ ಮೇಲೆ ಸದಾ ಕೂತಿರುತ್ತಿತ್ತು.

ಒಂದು ದಿನ ಅಣ್ಣನ ಕಾಗದ ಬಂತು. ಅಮ್ಮನನ್ನು ನೋಡಲು ಹದಿನೈದು ದಿನದ ಪೆರೋಲ್ ಕೇಳಿದ್ದೇನೆ, ನಿನ್ನ ಮನೆಯ ವಿಳಾಸ ಕೊಟ್ಟಿದ್ದೇನೆ, ಪೊಲೀಸರು ಬಂದು ಕೇಳಿದರೆ ಒಪ್ಪಿಗೆ ಎಂದು ಬರೆದುಕೊಡು ಎಂದಿತ್ತು. ಅಮ್ಮನಿಗೆ ಓದಿ ಹೇಳಿದೆ. ಅವಳು ಟ್ರಂಕ್ ತೆಗೆಸಿ, ಅಣ್ಣನ ನೀಲಿ ಲುಂಗಿಯನ್ನು ಹುಡುಕಿಸಿ, ಬಿಸಿಲಿಗೆ ಹಾಕಿಸಿದಳು. ಅವತ್ತು ಗಂಜಿಯನ್ನು ಎರಡು ಚಮಚ ಹೆಚ್ಚು ಉಂಡಳು.

ಅದೇ ವಾರ ನನ್ನ ನಾದಿನಿಗೆ ಕಡಹಿನಬೈಲಿನ ಕಡೆಯ ಸಂಬಂಧವೊಂದು ಕುದುರುತ್ತಿತ್ತು. ಅತ್ತೆ ನನ್ನನ್ನು ಒಳಗೆ ಕರೆದು ಬೆಳ್ಳುಳ್ಳಿ ಬಿಡಿಸುತ್ತಾ ಹೇಳಿದರು. "ಬೇಡ ಅಂತ ನಾನು ಹೇಳಲ್ಲ. ಅವ ನಿನ್ನ ಅಣ್ಣ. ಆದ್ರೆ ಹುಡ್ಗನ ಕಡೆಯೋರು ಬಂದಾಗ ಜಗಲಿ ಮೇಲೆ ಅವ ಕೂತಿದ್ರೆ, ಇವ್ರು ಎಲ್ಲಿಂದ ಬಂದಿದಾರೆ ಅಂತ ಹೇಳದು? ನೀನೇ ಹೇಳು ಮಾರಾಯ್ತಿ."

ನಾನೂ ಕೂತು ಬೆಳ್ಳುಳ್ಳಿ ಬಿಡಿಸತೊಡಗಿದೆ. ನರಸಿಂಹರಾಜಪುರದಲ್ಲಿ ಸಿಸ್ಟರುಗಳ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ದನಿ ಎತ್ತಬಾರದು, ಹಿರಿಯರಿಗೆ ಎದುರಾಡಬಾರದು, ಇಲ್ಲ ಎನ್ನುವುದಿದ್ದರೂ ನಯವಾಗಿ ಎನ್ನಬೇಕು. ಅದನ್ನೇ ಒಳ್ಳೆಯತನ ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು, ಹನ್ನೊಂದು ಗಂಟೆಯ ಹೊತ್ತಿಗೆ ಠಾಣೆಯ ದಫೇದಾರರು ಬಂದರು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಫೈಲು ಇಟ್ಟು ಬರೆಯತೊಡಗಿದರು. ಜೇಬಿನ ಕೆಳಗೆ ಶಾಯಿಯ ಕಲೆ ಇತ್ತು.

"ಬೇಗಾರಿನ ಕಡೆ ಹೇಳಿಕೆ ಆ ಠಾಣೆಯೋರು ತಗಂಡಾಗಿದೆ. ನಿಮ್ದೊಂದು ಬಾಕಿ. ಅವ್ರನ್ನ ಮನೇಲಿ ಇಟ್ಕಳಕ್ಕೆ ಒಪ್ಪಿಗೆ ಇದೆಯಾ ಅಮ್ಮ?"

ಬೇಗಾರಿನ ಕಡೆ ಎಂದರೆ ಸತ್ತವನ ಹೆಂಡತಿ. ಅವಳು ಹೇಗೂ ಬೇಡ ಎಂದಿರುತ್ತಾಳೆ, ಇನ್ನು ನನ್ನ ಮಾತಿನಿಂದ ಆಗುವುದಾದರೂ ಏನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಈಗ ಸ್ವಲ್ಪ ಅನುಕೂಲ ಇಲ್ಲ. ಒಂದು ತಿಂಗಳು ಕಳೆದ ಮೇಲೆ ಆಗುತ್ತಾ?"

"ತಿಂಗ್ಳು ಗಿಂಗ್ಳು ಅಂತ ಬರೆಯಕ್ಕೆ ಇದ್ರಲ್ಲಿ ಜಾಗ ಇಲ್ಲ ಅಮ್ಮ. ಇದೆ, ಇಲ್ಲ, ಎರಡೇ."

ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅತ್ತೆ ಅಲ್ಲಿರಲಿಲ್ಲ. ಇದ್ದಿದ್ದರೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು. "ಹಾಗಾದ್ರೆ ಈಗ ಬೇಡ" ಎಂದೆ, ಕಾಫಿ ಬೇಡ ಎಂದಷ್ಟು ಮೆಲ್ಲಗೆ. ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಸದರಿ ಬಂದಿಯನ್ನು ಇರಿಸಿಕೊಳ್ಳಲು ನನ್ನ ಒಪ್ಪಿಗೆ ಇರುವುದಿಲ್ಲ. ಸಹಿ ಹಾಕಿದೆ. ಅಮ್ಮನ ಕೋಣೆಗೂ ಜಗಲಿಗೂ ನಡುವೆ ಇದ್ದದ್ದು ಒಂದು ಮರದ ಹಲಗೆಯ ಗೋಡೆ. ಬೆಳಗಿನಿಂದ ಕೆಮ್ಮುತ್ತಿದ್ದ ಅಮ್ಮ ಆ ಹೊತ್ತಿನಲ್ಲಿ ಕೆಮ್ಮಲಿಲ್ಲ.

ಸಂಜೆ ಅಮ್ಮನ ಕೋಣೆಗೆ ಹೋಗಿ ನೋಡಿದರೆ ಹಗ್ಗದ ಮೇಲಿದ್ದ ನೀಲಿ ಲುಂಗಿ ಮಡಿಸಿ ಟ್ರಂಕಿನ ಮೇಲಿತ್ತು. ನಾನು ಮಡಿಸಿರಲಿಲ್ಲ. ಅತ್ತೆಯೂ ಮಡಿಸಿರಲಿಲ್ಲ. ಗೋಡೆ ಹಿಡಿಯದೆ ಎದ್ದು ನಿಲ್ಲಲಾರದ ಅಮ್ಮ ಅಂಗಳದವರೆಗೆ ಹೇಗೆ ಹೋಗಿ ಬಂದಳೋ ನನಗೆ ಗೊತ್ತಿಲ್ಲ.

ನಾದಿನಿಯ ಮದುವೆ ನಿಶ್ಚಯವಾಯಿತು. ಅದಾಗಿ ಕೆಲವು ದಿನಕ್ಕೆ, ಮಧ್ಯಾಹ್ನದ ಬಸ್ಸಿಗೆ, ಸತ್ತವನ ಹೆಂಡತಿ ಅಮ್ಮನನ್ನು ನೋಡಲು ಬಂದಳು. ಊರಲ್ಲಿ ನಾನು ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದುದು. ಅವತ್ತು ಬಾಯಿ ಬರಲಿಲ್ಲ. ಅವಳು ಚೀಲದಿಂದ ನಾಲ್ಕು ಮೂಸಂಬಿ ತೆಗೆದು ಅಮ್ಮನ ದಿಂಬಿನ ಪಕ್ಕ ಸಾಲಾಗಿ ಇಟ್ಟಳು. ಅವಳ ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಹಾಕಿತ್ತು.

"ಮಗ ಬಂದು ಹೋದ್ನಾ ಚಿಕ್ಕಮ್ಮ?" ಎಂದು ಕೇಳಿದಳು.

ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತೆ.

"ಪೊಲೀಸ್ನೋರು ನನ್ನತ್ರ ಬಂದಿದ್ರು," ಎಂದು ಅವಳೇ ಮುಂದುವರಿಸಿದಳು. "ನಿಮ್ಗೆ ತಕರಾರು ಇದ್ರೆ ಹೇಳಿ ಅಂದ್ರು. ನಂಗೆ ಅವ್ನ ಮೇಲಿನ ಸಿಟ್ಟು ಈ ಜನ್ಮಕ್ಕೆ ಹೋಗಲ್ಲ ಚಿಕ್ಕಮ್ಮ, ಸುಳ್ಳು ಎಂತಕ್ಕೆ ಹೇಳ್ಲಿ. ಒಂದು ಕೂಗು ಹಾಕಿದ್ರೆ ನಮ್ಮನೆಯೋರು ಉಳೀತಿದ್ರು. ಆದ್ರೆ ತಾಯಿ ಸಾಯ್ತಾಳೆ ಅನ್ನವಾಗ ಬೇಡ ಅನ್ನಕ್ಕೆ ನಾನ್ಯಾರು? ಬರ್ಲಿ ಅಂತ ಸಹಿ ಹಾಕ್ದೆ. ಬಂದ್ನಾ?"

ಅಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಶಾಲೆಯಿಂದ ಜ್ವರ ಬಂದು ವಾಪಸಾದ ಮಗುವನ್ನು ನೋಡುವ ಹಾಗೆ ನೋಡಿದಳು.

"ಸರ್ಕಾರದೋರು ಬಿಡ್ಲಿಲ್ಲ ಕಣೆ," ಎಂದಳು ಅತ್ತಿಗೆಗೆ. "ಎಂತದೋ ಕಾನೂನಂತೆ. ನಮ್ಮ ಹುಡ್ಗಿ ಪಾಪ ಎಷ್ಟು ಓಡಾಡಿದ್ಲು. ಆಗ್ಲಿಲ್ಲ."

ಹಲಗೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡವಳು ನನಗಾಗಿ ಹೇಳಿದ ಸುಳ್ಳು ಅದು. ಲೋಟ ಕೆಳಗಿಟ್ಟು ಹಿತ್ತಿಲಿಗೆ ಹೋದೆ.

ಮರುದಿನವೇ ನಮ್ಮ ಮನೆಯವರ ಜೊತೆ ಠಾಣೆಗೆ ಹೋಗಿ, ಒಪ್ಪಿಗೆ ಇದೆ ಎಂದು ಕಾಗದ ಬರೆದುಕೊಟ್ಟೆ. ಅತ್ತೆಯನ್ನು ಕೇಳಲಿಲ್ಲ, ಅವರೂ ಏನೂ ಅನ್ನಲಿಲ್ಲ. ದಫೇದಾರರು ಅದನ್ನು ಎರಡು ಸಲ ಓದಿದರು. "ಆ ಅರ್ಜಿ ತಿರಸ್ಕಾರ ಆಗಿ ಹೋಯ್ತಲ್ಲ ಅಮ್ಮ. ಇನ್ನು ಅವ್ರೇ ಹೊಸ ಅರ್ಜಿ ಹಾಕ್ಬೇಕು, ಮತ್ತೆ ವಿಚಾರಣೆ ಆಗ್ಬೇಕು." ಅಣ್ಣನಿಗೆ ಬರೆದೆ. ಹೊಸ ಅರ್ಜಿಯ ವಿಚಾರಣೆಗೆ ಯಾರಾದರೂ ಬರುವ ಮೊದಲೇ, ಒಂದು ಬೆಳಿಗ್ಗೆ, ಹಾಲು ಕಾಯಿಸಿ ತರುವಷ್ಟರಲ್ಲಿ ಅಮ್ಮ ಹೋದಳು.

ಸತ್ತ ಮೇಲೆ ಅನುಮತಿ ಬೇಗ ಸಿಕ್ಕಿತು. ಕೊಳ್ಳಿ ಇಡಲು ಇದ್ದವನು ಒಬ್ಬನೇ ಮಗ. ಮಾರನೇ ದಿನ ಮಧ್ಯಾಹ್ನ ಪೊಲೀಸ್ ವ್ಯಾನಿನಲ್ಲಿ, ಇಬ್ಬರು ಕಾವಲಿನವರ ನಡುವೆ ಕೂತು ಅಣ್ಣ ಬಂದ. ಮಡಕೆ ಹೊರುವಾಗ ಬೇಡಿ ಬಿಚ್ಚಿದರು. ಮಣಿಕಟ್ಟಿನ ಸುತ್ತ ಕೆಂಪಗೆ ಗೆರೆ ಎದ್ದಿತ್ತು.

ಎಲ್ಲ ಮುಗಿದು ಅವನು ಸ್ನಾನಕ್ಕೆ ಹೋಗಿದ್ದಾಗ, ಅಂಗಳದಲ್ಲಿ ನಿಂತಿದ್ದ ಕಾವಲಿನವರಿಗೆ ಕುಡಿಯಲು ನೀರು ಕೊಟ್ಟೆ. ಅವರಲ್ಲಿ ವಯಸ್ಸಾದವರು ನಾನು ಯಾರೆಂದು ತಿಳಿಯದೆ ಮಾತಿಗಿಳಿದರು.

"ಒಳ್ಳೆ ಮನುಷ್ಯ ಅಮ್ಮ. ಇಂಥೋರು ಬಯಲು ಜೈಲಲ್ಲಿ ಇರ್ಬೇಕು. ಅಲ್ಲಿ ಗೋಡೆ ಇಲ್ಲ, ತೋಟದ ಕೆಲ್ಸ, ಶಿಕ್ಷೆನೂ ಬೇಗ ಕಡಿಮೆ ಆಗ್ತದೆ. ಇವ್ರ ಹೆಸ್ರು ಪಟ್ಟಿಲಿ ಇತ್ತು. ಒಂದ್ಸಲ ಪೆರೋಲಿಗೆ ಹೋಗಿ ಸರಿಯಾಗಿ ವಾಪಸ್ ಬಂದಿದ್ರೆ ಆಗೋಗ್ತಿತ್ತು. ಮನೆಯೋರೇ ಬೇಡ ಅಂತ ಬರ್ಕೊಟ್ರಂತೆ. ಹಂಗೆ ಬರ್ಕೊಟ್ರೆ ಮನೆ ಆಸರೆ ಇಲ್ಲದೋರು ಅಂತ ಬೇರೆ ಪಟ್ಟಿಗೆ ಸೇರಿಸ್ತಾರೆ. ಮುಗೀತು."

ಅವರು ಕುಡಿದಿಟ್ಟ ಲೋಟ ತೆಗೆದುಕೊಂಡೆ. ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದೆ.

ಅಣ್ಣ ನಮ್ಮ ಮನೆಯವರ ಪಂಚೆ ಉಟ್ಟು ಒದ್ದೆ ತಲೆಯಲ್ಲಿ ಹೊರಗೆ ಬಂದ. ಕಿವಿಯ ಹಿಂದೆ ಇನ್ನೂ ಬೂದಿ ಅಂಟಿತ್ತು. ಕಾವಲಿನವರು ಐದು ನಿಮಿಷ ಎಂದು ಕೈಸನ್ನೆ ಮಾಡಿ ವ್ಯಾನಿನ ಹತ್ತಿರ ಹೋದರು.

"ಅಣ್ಣಾ, ದಫೇದಾರ್ರಿಗೆ ಬೇಡ ಅಂದಿದ್ದು ನಾನೇ."

"ಗೊತ್ತು. ಜೈಲಲ್ಲಿ ತಿರಸ್ಕಾರದ ಕಾಗದ ಓದಿ ಹೇಳಿನೇ ನನ್ನ ಸಹಿ ಹಾಕಿಸ್ಕಂಡಿದ್ದು."

"ಬೈಯಾದ್ರೂ ಬೈಯೋ."

"ಎಂತಕ್ಕೆ ಬೈಯದು? ಕೊಟ್ಟ ಮನೇಲಿ ಇರೋಳು ನೀನು." ಕಾವಲಿನವರ ಕಡೆ ಒಮ್ಮೆ ನೋಡಿ, ಬಹಳ ಮೆಲ್ಲಗೆ ಕೇಳಿದ. "ಅಮ್ಮಂಗೆ ಗೊತ್ತಾಗ್ಲಿಲ್ಲ ತಾನೆ?"

"ಇಲ್ಲ," ಎಂದೆ.

"ಸದ್ಯ." ಅವನು ನಿಜವಾಗಿ ಹಗುರಾದ. ಭುಜ ಇಳಿದದ್ದು ಕಂಡಿತು. "ಅದೊಂದೇ ಹೆದರಿಕೆ ಇತ್ತು ನಂಗೆ. ಮಗಳು ಬೇಡ ಅಂದ್ಲು ಅಂತ ನೋವು ಇಟ್ಕಂಡು ಹೋಗಿದ್ರೆ ಅಂತ."

ವ್ಯಾನಿನ ಬಾಗಿಲು ತೆರೆದರು. ಅವನು ಕೈಗಳನ್ನು ತಾನಾಗಿಯೇ ಮುಂದೆ ಚಾಚಿದ.

ಉಳಿದ ಶಿಕ್ಷೆಯನ್ನೆಲ್ಲ ಅಣ್ಣ ಗೋಡೆಯೊಳಗೇ ಮುಗಿಸಿ ಬಂದ. ಅಮ್ಮ ಏನೂ ತಿಳಿಯದೆ ನೆಮ್ಮದಿಯಿಂದ ಹೋದಳೆಂದು ಇವತ್ತಿಗೂ ನಂಬಿದ್ದಾನೆ. ನಾನು ತಿದ್ದಿಲ್ಲ.