ಜೋಳದ ಡಬ್ಬಿಯೊಳಗಿನ ಪೆನ್ ಡ್ರೈವ್

ಹೋದ ವಾರ ಬಿತ್ತನೆ ಜೋಳದ ಡಬ್ಬಿಯ ಮುಚ್ಚಳ ತೆಗೆದೆ. ಒಣ ಬೇವಿನೆಲೆ ಮತ್ತು ಬೂದಿಯ ಘಾಟು ಮೂಗಿಗೆ ಬಡಿಯಿತು. ಕಾಲುವೆ ಬಂದ ಮೇಲೆ ನಮ್ಮ ಕಡೆ ಎಲ್ಲರದ್ದೂ ಭತ್ತ, ಬೀಜವೂ ಅಂಗಡಿಯ ಚೀಲದಲ್ಲೇ ಬರುತ್ತದೆ. ನಮಗೆ ನೀರು ಹತ್ತದ ದಿಬ್ಬದಲ್ಲಿ ಎರಡು ಎಕರೆ ಇರುವುದರಿಂದ ಈ ಡಬ್ಬಿ ಉಳಿದಿದೆ. ಹಸನು ಮಾಡಲೆಂದು ಕಾಳನ್ನು ಮೊರಕ್ಕೆ ಸುರಿದರೆ ಕೆಂಪು ದಾರ ಕಟ್ಟಿದ ಪೆನ್ ಡ್ರೈವ್ ಒಂದು ಜೊತೆಗೆ ಬಿತ್ತು. ಪ್ರತಿ ವರ್ಷವೂ ಬೀಳುತ್ತದೆ, ಪ್ರತಿ ವರ್ಷವೂ ಮತ್ತೆ ಒಳಗೆ ಹಾಕುತ್ತೇನೆ. ಈ ಸಲ ಹಾಕಲು ಕೈ ಬರಲಿಲ್ಲ...

ಅದು ನಮ್ಮ ಕಂಪ್ಯೂಟರ್ ಸರ್ ಕೊಟ್ಟದ್ದು. ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವರ ಕ್ಲಾಸು ನಡೆಯುತ್ತಿತ್ತು. ನಾಲ್ಕು ಹಳೆಯ ಯಂತ್ರಗಳು, ಕೆಳಗಿನಿಂದ ಏರಿ ಬರುವ ಔಷಧಿಯ ವಾಸನೆ. ಸರ್ ಗುರುಮಠಕಲ್ ಕಡೆಯವರು. ಕೂತಲ್ಲಿ ಕೂಡುವ ಮನುಷ್ಯನಲ್ಲ. ಯಂತ್ರ ತಡಮಾಡಿದರೆ ಕೋಣೆಯ ತುಂಬ ತಿರುಗುತ್ತ ತೆಲುಗಿನಲ್ಲಿ ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದರು. ನಿಂತರೂ ಒಂದು ಕಾಲು ಅಲುಗುತ್ತಲೇ ಇರುತ್ತಿತ್ತು.

ನಾನು ಆಗ ಕಾಲುವೆ ನೀರಿನ ಸಂಘದಲ್ಲಿ ಪಾಳಿ ಪುಸ್ತಕ ಬರೆಯುತ್ತಿದ್ದೆ. ಯಾವ ಹೊಲಕ್ಕೆ ಯಾವ ದಿನ, ಎಷ್ಟು ತಾಸು ನೀರು ಎಂಬ ಲೆಕ್ಕ. ಬೆಳಗಾದರೆ ಹೊಸ್ತಿಲ ಮುಂದೆ ಮಂದಿ. ರೊಟ್ಟಿ ತಟ್ಟುತ್ತಲೇ ಪಾಳಿ ಹೇಳಬೇಕು. ಟೈಪಿಂಗ್ ಕಲಿತರೆ ಬರೆಯುವುದಾದರೂ ಹಗುರಾದೀತೆಂದು ಅವರ ಕ್ಲಾಸಿಗೆ ಸೇರಿದ್ದೆ. ಸರ್ ಒಂದು ದಿನ ನನ್ನ ಪುಸ್ತಕ ತಿರುವಿ ನೋಡಿ, "ಇದು ಫೋನಿನ್ಯಾಗ ಬರಬೇಕ್ರಿ ಅಕ್ಕಾರ. ನಿಮ್ಮ ರೊಟ್ಟಿ ಸೀಯೂದು ತಪ್ಪತೈತಿ" ಎಂದರು.

ಅಂಗಡಿಯ ಸಾಹುಕಾರರಿಗೆ ಆ ಕೋಣೆ ಗೊಬ್ಬರದ ಚೀಲ ಇಡಲು ಬೇಕಾಗಿತ್ತು. ಸರ್ ಪಾಳಿಯ ಆ್ಯಪ್ ವಿಷಯ ಹೇಳಿದಾಗ ಸ್ವಲ್ಪ ಮೆತ್ತಗಾದರು. "ನೀರು ಬಿಡೂ ಮುಂಚಿನ ಸೋಮವಾರ ಸಂಘದ ಮಂದಿ ನಮ್ಮ ಅಂಗಡ್ಯಾಗ ಸೇರತಾರ. ಅವತ್ತ ತೋರಸ್ರಿ. ರೈತರಿಗೆ ಕೆಲಸಕ್ಕ ಬಂತಂದ್ರ ಕ್ವಾಣಿ ನಿಮ್ದ. ಇಲ್ಲಾಂದ್ರ ಚೀಲ ಏರಸ್ತೀನಿ."

ಮೂರು ವಾರ ಇತ್ತು. ಸರ್ ಮಾತ್ರ ಆ್ಯಪ್ ಶುರು ಮಾಡಲೇ ಒಲ್ಲರು. ಮೊದಲು ಬುನಾದಿ ಆಗಬೇಕು ಎಂದು ಹಟ. ಹೊಸ ಆ್ಯಪಿಗೆ ಕೈಹಾಕಿದಾಗಲೆಲ್ಲ ಯಂತ್ರ ನೆಟ್‌ನಿಂದ ಏನೇನೋ ಇಳಿಸಿಕೊಳ್ಳುತ್ತಿತ್ತು, ನಮ್ಮಲ್ಲಿ ನೆಟ್ ಬಂದರೆ ಬಂತು. ಅದಕ್ಕೆ ಯಾದಗಿರಿಯ ಗೆಳೆಯರೊಬ್ಬರ ಆಫೀಸಿನಲ್ಲಿ ಎರಡು ದಿನ ಕೂತು ಎಲ್ಲ ಇಳಿಸಿ, ನೆಟ್ ಇಲ್ಲದೆಯೂ ತೆರೆಯುವ ಒಂದು ಬರಿದಾದ ಆ್ಯಪ್ ಕಟ್ಟಿ ಪೆನ್ ಡ್ರೈವ್‌ನಲ್ಲಿ ತಂದರು. ಒಂದು ಖಾಲಿ ಪುಟ, ಒಂದು ಗುಂಡಿ, ಒಡೆಯದೆ ಕಾಣುವ ಕನ್ನಡ ಅಕ್ಷರ, ಮಾತಿಗೆ ಮತ್ತು ಚಿತ್ರಕ್ಕೆ ಬೇರೆ ಬೇರೆ ಜಾಗ. ಇಷ್ಟಕ್ಕಾಗಿ ಒಂದು ವಾರ ಕಳೆದರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

"ಬಿತ್ತನಿ ಕಾಳು ಇದ್ದಂಗ್ರಿ ಇದು. ಇದ್ರಾಗ ಕೈ ಹಾಕಬ್ಯಾಡ್ರಿ. ಮೊದಲ ಕಾಪಿ ಮಾಡ್ಕೊರ್ರಿ, ಕಾಪಿಯೊಳಗ ಕೆಲಸ ಮಾಡ್ರಿ" ಎಂದರು. ಅಂದಿನಿಂದ ಊಟ ಆಯಿತೇ ಎಂದು ಕೇಳುವ ಜಾಗದಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, "ಕಾಪಿ ಆಯ್ತೇನ್ರಿ?" ಸಾಹುಕಾರರನ್ನೂ ಹಾಗೆಯೇ ಮಾತಾಡಿಸಿ ಬೈಸಿಕೊಂಡಿದ್ದರು.

ಪಾಳಿಯ ಪುಟ ಮಾಡುವುದನ್ನು ಸರ್ ನನಗೆ ಹೇಳಿಕೊಟ್ಟಿದ್ದರು. ಆದರೆ ಕಾಪಿ ಮಾಡಲು ಆ ಯಂತ್ರಕ್ಕೆ ಮುಕ್ಕಾಲು ತಾಸು ಬೇಕಿತ್ತು. ನನಗೆ ಸಿಗುತ್ತಿದ್ದದ್ದೇ ದಿನಕ್ಕೆ ಎರಡು ತಾಸು, ನಡುವೆ ಕರೆಂಟ್ ಹೋಗುವ ಧಾವತಿ. ನಾನು ಬುನಾದಿಯನ್ನೇ ತೆರೆದು ಅದರೊಳಗೇ ಪಾಳಿಯ ಪುಟಗಳನ್ನು ಮಾಡತೊಡಗಿದೆ. ಕಾಪಿ ಆಯಿತೇ ಎಂದು ಕೇಳಿದಾಗ ಹೂಂ ಅಂದೆ. ಹತ್ತು ದಿನ ಹೂಂ ಅಂದೆ. ಅದೇ ವಾರ ನಮ್ಮ ನಾದಿನಿ ಬಿತ್ತನೆ ಡಬ್ಬಿಯಿಂದ ಜೋಳ ತೆಗೆದು ಬೀಸಲು ಕಳಿಸಿದ್ದಕ್ಕೆ ನಾನೇ ಮನೆ ತುಂಬ ಒದರಾಡಿದ್ದೆ.

ಭಾನುವಾರ ಮಧ್ಯಾಹ್ನ ಕೊನೆಯ ಪುಟ ಉಳಿಸುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಬಂದಾಗ ಪೆನ್ ಡ್ರೈವ್ ತೆರೆಯಲಿಲ್ಲ. ಸರ್ ನಗುತ್ತಲೇ, "ಇರ್ಲಿ ತಗೀರಿ. ನಿಮ್ಮ ಕಾಪಿ ಐತೆಲ್ಲ" ಎಂದರು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರ ಕಾಲು ಅಲುಗುವುದು ನಿಂತಿತು. ಆ ಮನುಷ್ಯ ಅಷ್ಟು ಹೊತ್ತು ಅಲುಗದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬುನಾದಿ ಒಂದಿದ್ದರೆ ಪುಟಗಳು ಸರ್‌ಗೆ ಒಂದು ಸಂಜೆಯ ಕೆಲಸ. ಅದರ ಇನ್ನೊಂದು ಪ್ರತಿ ಇದ್ದದ್ದು ಯಾದಗಿರಿಯ ಆ ಆಫೀಸಿನಲ್ಲಿ. ಭಾನುವಾರ ಅಲ್ಲಿ ಬೀಗ. ಸೋಮವಾರ ಸರ್ ಮೊದಲ ಬಸ್ಸಿಗೆ ಹೋದರು. ಅವರು ಮರಳುವ ಮೊದಲೇ, ಹನ್ನೊಂದಕ್ಕೆ ಸಭೆ ಕೂಡಿತು.

ದಾರಿಯಿಂದಲೇ ಅವರು ಸಾಹುಕಾರರಿಗೆ ಫೋನ್ ಮಾಡಿ, ತಮ್ಮ ಕೈಯಿಂದಲೇ ಕೆಟ್ಟಿತು ಎಂದು ಹೇಳಿದ್ದರಂತೆ. ಸಾಹುಕಾರರು ಎಲ್ಲರ ಮುಂದೆ, "ಊರಿಗೆಲ್ಲ ಕಾಪಿ ಆಯ್ತೇನ್ರಿ, ಕಾಪಿ ಆಯ್ತೇನ್ರಿ ಅಂತ ಕೇಳಾಂವ, ತಾನ ಮಾಡಿಲ್ಲಂತ ನೋಡ್ರಿ" ಎಂದರು. ಮಂದಿ ನಕ್ಕರು. ಯಾರೋ ಒಬ್ಬರು, "ನಮಗ ಅಕ್ಕಾರ ಪುಸ್ತಕಾನ ಪಾಡ ಬಿಡ್ರಿ" ಎಂದರು. ಆ ಪುಸ್ತಕ ನನ್ನ ತೊಡೆಯ ಮೇಲಿತ್ತು. ಬಾಯಿ ತೆರೆದರೆ ಒಂದು ಮಾತು. ತೆರೆಯಲಿಲ್ಲ.

ಸರ್ ಮಧ್ಯಾಹ್ನ ಹೊಸ ಪೆನ್ ಡ್ರೈವ್ ಹಿಡಿದು ಬಂದಾಗ ಹಮಾಲರು ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟು, ಪೆನ್ ಡ್ರೈವ್ ನನ್ನ ಕೈಗಿಟ್ಟರು. "ಬುನಾದಿ ಐತ್ರಿ ಅಕ್ಕಾರ. ಕಾಪಿ ಮಾಡ್ಕೊಂಡು ಶುರು ಮಾಡ್ರಿ." ಬೈದಿದ್ದರೆ ಚಲೋ ಇತ್ತು.

ಮನೆಗೆ ಬಂದು ಅದನ್ನು ಬಿತ್ತನೆ ಡಬ್ಬಿಗೆ ಹಾಕಿದೆ. ತೆರೆಯುವ ಮುಖ ಇರಲಿಲ್ಲ. ಸರ್ ಸ್ವಲ್ಪ ದಿನ ಸುರಪುರದಲ್ಲಿ ಕ್ಲಾಸು ಇಟ್ಟಿದ್ದರೆಂದು ಕೇಳಿದೆ. ಹೋಗಿ ಹೇಳಬೇಕು ಅಂದುಕೊಂಡೆ, ಇವತ್ತು ನಾಳೆ... ಈ ಬೇಸಿಗೆಯಲ್ಲಿ ಗುರುಮಠಕಲ್ ಬಸ್ಸಿನ ಕಂಡಕ್ಟರ್ ಮಾತಿನ ನಡುವೆ ಹೇಳಿದ, ಅವರು ತೀರಿಕೊಂಡು ಎರಡು ವರ್ಷವಾಯಿತಂತೆ.

ಮರುದಿನವೇ ಸಾಹುಕಾರರ ಹತ್ತಿರ ಹೋದೆ. ವಯಸ್ಸಾಗಿದೆ, ಕಿವಿಯೂ ಮಂದ. ಅಂದು ಕೆಡಿಸಿದ್ದು ಸರ್ ಅಲ್ಲ, ನಾನು ಎಂದು ಎರಡು ಸಲ ಹೇಳಿದೆ. "ಯಾವ ಸರ್ರಿ?" ಎಂದರು. ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು ಎಂದೆ. ಮೇಲಕ್ಕೊಮ್ಮೆ ನೋಡಿ, "ಅಲ್ಲಿ ಮೊದಲಿಂದಾನೂ ಚೀಲಾನ ಅದಾವಲ್ರಿ" ಎಂದರು.

ಅಣ್ಣನ ಮಗಳಿಗೆ ಪೆನ್ ಡ್ರೈವ್ ತೋರಿಸಿದೆ. ಇಷ್ಟು ಹಳೆಯದು ಈಗಿನ ಫೋನಿಗೆ ನಡೆಯಲಿಕ್ಕಿಲ್ಲ ಅತ್ತಿ, ಎಂದಳು. ಬಿತ್ತದೆ ಬಹಳ ವರ್ಷ ಇಟ್ಟ ಕಾಳು ಮೊಳೆಯುವುದಿಲ್ಲ, ಅದು ನನಗೆ ಗೊತ್ತಿರುವ ವಿಷಯವೇ. ಜೋಳ ಹಸನಾಯಿತು. ಹೊಸ ಬೂದಿ ಕಲಸಿ, ಹೊಸ ಬೇವಿನೆಲೆ ಹಾಕಿ ಮುಚ್ಚಳ ಮುಚ್ಚಿದೆ. ಪೆನ್ ಡ್ರೈವ್ ಇದನ್ನು ಬರೆಯುವಾಗ ಎದುರಿಗಿದೆ. ಅಂದು ಅಂಗಡಿಯಲ್ಲಿ ನಕ್ಕವರಲ್ಲಿ ಯಾರಾದರೂ ಇದನ್ನು ಓದುವುದಾದರೆ, ಸರ್ ಕಾಪಿ ಮಾಡಿಟ್ಟಿದ್ದರು. ಮಾಡದವಳು ನಾನು.