ಅಣುಗಳಿಗೂ ಒಂದು ಸಮಿತಿ

ಕೋವಿಡ್ ಮುಗಿದ ಮರುವರ್ಷ ನಾನು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಓದುವಾಗ ಲ್ಯಾಬುಗಳಿಗೆ ಗಾಜಿನ ಸಾಮಾನು ಮಾರಿ ಫೀಸು ಹೊಂದಿಸಿಕೊಂಡವನು. ಚೌಕಾಸಿ ನಡೆಯುವ ಕಡೆ ಬಾಯಿಮುಚ್ಚಿ ಕೂಡುವುದು ನನಗೆ ಶಿಕ್ಷೆ.

ದೇವದುರ್ಗದ ಖಾಸಗಿ ಕಾಲೇಜೊಂದು ಉಪನ್ಯಾಸಕರ ಆಯ್ಕೆಗೆ ನನ್ನನ್ನು ವಿಷಯ ತಜ್ಞನಾಗಿ ಕರೆದಿತ್ತು. ಕೊನೆಗೆ ಉಳಿದ ಅಭ್ಯರ್ಥಿ ಮಾನ್ವಿಯ ಹುಲಿಗೆಮ್ಮ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬ ತಳಮಳ. ಆಕೆಗೆ ಬೇಕಿದ್ದದ್ದು ಕಾಯಂ ಹುದ್ದೆ.

ಮಾದರಿ ಪಾಠಕ್ಕೆ ನಾನು ಕೊಟ್ಟ ವಿಷಯ ‘ಅಣುಗಳ ಸಮ್ಮಿತಿ’, ಅಂದರೆ ಸಿಮೆಟ್ರಿ. ಅಣುವನ್ನು ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುವ ಗುಣ. ಅಂಥ ತಿರುವುಗಳ ಗಣಿತವೇ ಗ್ರೂಪ್ ಥಿಯರಿ. ಟೈಪ್ ಮಾಡಿದವರು ಒಂದು ಒತ್ತಕ್ಷರ ನುಂಗಿದ್ದರು. ಹುಡುಗರು ತುಂಬಿದ್ದ ತರಗತಿಯಲ್ಲಿ ಅಂಟಿಸಿದ್ದ ಫಲಕದ ಮೇಲೆ ‘ಅಣುಗಳ ಸಮಿತಿ’ ಎಂದಿತ್ತು.

ಆಯ್ಕೆ ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿ ಮಾಲೀಕರು. “ಸಮಿತಿ ಅಂದ್ರ ನಾವು. ಅಣುಗೋಳಿಗೆ ಎಲ್ಲಿ ಸಮಿತಿ ತಂದ್ರಿ?” ಎಂದರು. ನಾನು ಬಾಯಿ ತೆರೆದೆ.

“ತಜ್ಞರು ನಡುವ ಮಾತಾಡಂಗಿಲ್ರಿ. ಫಲಕದಾಗ ಏನು ಬರದದ, ಅದನ್ನ ಆಕಿ ಹೇಳ್ಲಿ.”

ಮೇಜಿನ ಕೆಳಗೆ ನನ್ನ ಕಾಲು ಕುಣಿಯತೊಡಗಿತು. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಹುಲಿಗೆಮ್ಮ ಸೀಮೆಸುಣ್ಣ ಕೆಳಗಿಟ್ಟಳು.

“ಅವಕ್ಕೂ ಸಮಿತಿ ಅದ ರೀ ಯಪ್ಪಾ. ಬರ್ರಿ, ತೋರಿಸ್ತೀನಿ.”

ಅಧ್ಯಕ್ಷರನ್ನು ತರಗತಿಗೆ ಬೆನ್ನು ಮಾಡಿ ನಡುವೆ ಕೂಡಿಸಿದಳು, ಅವರು ಕಾರ್ಬನ್. ಬಿಳಿ ಅಂಗಿ, ಬಿಳಿ ಟೋಪಿಯ ಸಮಿತಿಯ ಇಬ್ಬರು ಸದಸ್ಯರು ಎಡಬಲಕ್ಕೆ, ಆಕ್ಸಿಜನ್. ಮೂವರೂ ಸೇರಿ ಕಾರ್ಬನ್ ಡೈಆಕ್ಸೈಡ್. ನಮ್ಮ ಕಣ್ಣು ಮುಚ್ಚಿಸಿ ಸದಸ್ಯರನ್ನು ಅದಲುಬದಲು ಮಾಡಿದಳು. ಕಣ್ಣು ತೆರೆದರೆ ಹಿಂದಿನಿಂದ ಎಲ್ಲವೂ ಮೊದಲಿನಂತೆಯೇ.

“ಇದಕ್ಕ ಸಮ್ಮಿತಿ ಅಂತಾರ. ಈಗ ಯಪ್ಪಾರ ಶಲ್ಯ ಹಿಡ್ಕೊಂಡು ಇಬ್ರೂ ಸಮನಾಗಿ ಜಗ್ಗ್ರಿ.”

ಅಧ್ಯಕ್ಷರು ಅಲುಗಲಿಲ್ಲ.

“ಅಣು ಹಿಂಗ ಅಲುಗಾಡೂದು ಕಂಪನ. ಇಂಥಾ ಸಮ ಕಂಪನ, ಅದನ್ನ ಅಳೆಯೂ ಇನ್‌ಫ್ರಾರೆಡ್ ಯಂತ್ರಕ್ಕ ಕಾಣಂಗಿಲ್ಲ. ಈಗ ಒಬ್ರು ಜಗ್ಗ್ರಿ, ಒಬ್ರು ಸಡ್ಲ ಬಿಡ್ರಿ.” ಅಧ್ಯಕ್ಷರು ಕುರ್ಚಿ ಸಮೇತ ವಾಲಿದರು. “ಇದು ಕಾಣ್ತದ. ಯಾವುದು ಕಾಣ್ತದ, ಯಾವುದು ಕಾಣಂಗಿಲ್ಲ ಅಂತ ಯಂತ್ರ ಹಚ್ಚೂ ಮೊದಲ ಗಣಿತ ಹೇಳ್ತದ.”

“ನಮ್ಮ ಸಮಿತಿದೂ ಹಂಗ ನೋಡವ್ವಾ,” ಅಧ್ಯಕ್ಷರು ಶಲ್ಯ ಸರಿಪಡಿಸಿಕೊಂಡರು. “ಇಬ್ರೂ ಸಮ ಜಗ್ಗಿದ್ರ ಹೊರಗಿನವ್ರಿಗೆ ಏನೂ ಕಾಣಂಗಿಲ್ಲ.” ಹುಡುಗರು ನಕ್ಕರು. ಅವರು ಮುಂದುವರಿಸಿದರು: “ಚಲೋ ಹೇಳ್ದಿ. ಸದ್ಯ ಒಂದು ವರ್ಷ ತಾತ್ಕಾಲಿಕ ಅಂತ ತಗೊಳ್ಳೋಣು.”

ನಾನು ಅರ್ಧ ಎದ್ದಿದ್ದೆ. ಆಕೆಯೇ ಕೇಳಿದಳು.

“ನಿಮ್ಮ ಕಾಯಂ ಮಾಸ್ತರ ಜಾಗದಾಗ ನನ್ನ ನಿಂದ್ರಿಸಿದ್ರ ಪಾಠದಾಗ ಫರಕ್ ಬೀಳ್ತದೇನ್ರಿ?”

“ಏನಿಲ್ಲ ಬಿಡು.”

“ಹಂಗಾರ ಆರ್ಡರಿನಾಗ ಫರಕ್ ಯಾಕ್ರಿ?”

ಅಧ್ಯಕ್ಷರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಟೋಪಿಗಳು ತಲೆಯಾಡಿಸಿದವು. “ಕಾಯಂ ಅಂತನ ಬರೀರಿ.”

ಇಷ್ಟು ವರ್ಷ ಚೌಕಾಸಿ ಮಾಡಿದವನು ಅಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ: ಏನನ್ನಾದರೂ ಕೇಳುವ ಮೊದಲು, ಎದುರಿನವರ ಬಾಯಲ್ಲೇ ಅದಕ್ಕೆ ಬೇಕಾದ ಒಂದು ಮಾತು ಒಪ್ಪಿಸಿಕೊಳ್ಳಿ. ಆಮೇಲೆ ಕೇಳಿ, ಸುಮ್ಮನಾಗಿ.

ಸಂಜೆ ಆದೇಶ ಟೈಪಾಗಿ ಬಂತು: ‘ಸಮ್ಮಿತಿಯು ಒಮ್ಮತದಿಂದ ತೀರ್ಮಾನಿಸಿದೆ’. ಅಲ್ಲಿ ನುಂಗಿದ್ದ ಒತ್ತಕ್ಷರ ಇಲ್ಲಿ ಬಂದು ಕೂತಿತ್ತು. ತಿದ್ದಲು ಪೆನ್ನು ತೆಗೆದೆ. ಹುಲಿಗೆಮ್ಮ ಕಾಗದ ಎಳೆದುಕೊಂಡಳು.

“ಇರ್ಲಿ ಬಿಡ್ರಿ ಸರ. ಈ ಸಲ ಸರಿಯಾಗೇ ಬರದಾರ.”