ಉಡಕ್ಕೆ ನೀರು ಹಾಕಿದ್ದು

ಆ ಮಧ್ಯಾಹ್ನ ಹತ್ತಿ ಕೋಣೆಯಲ್ಲಿ ಇದ್ದವರು ಮೂವರು: ನಾನು, ನಮ್ಮ ಅತ್ತೆ, ಬೆಣ್ಣೆ ಮಾರಲು ಬಂದು ಗಡಿಗೆ ಇಳಿಸಿ ಕೂತಿದ್ದ ಕುರಿಗಾರರ ಮನೆಯ ಮುದುಕಿ. ಮೂವರ ನಡುವೆ, ಬೇವಿನ ಸೊಪ್ಪಿನ ಮೇಲೆ, ಮಾವನವರು ಸಾಕಿದ ಉಡ ಮಲಗಿತ್ತು. ಅದರ ಎಡಗಣ್ಣು ಅಂಟಿಕೊಂಡು ಮುಚ್ಚಿಹೋಗಿತ್ತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಾನು ಅದರ ಪಕ್ಕೆಯನ್ನೇ ನೋಡುತ್ತಿದ್ದೆ.

ಗಜೇಂದ್ರಗಡದಲ್ಲಿ ನಮ್ಮದು ಹತ್ತಿ, ಜೋಳದ ವ್ಯಾಪಾರದ ಮನೆ. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಮುಶಿಗೇರಿಯಿಂದ ಬಂದ ಹತ್ತಿ ಬಂಡಿಯೊಳಗೆ ಗೇಣುದ್ದದ ಉಡದ ಮರಿಯೊಂದು ಸಿಕ್ಕಿತ್ತು. ಆಳುಗಳು ಕೊಲ್ಲಲು ಹೊರಟಾಗ ಮಾವನವರು ಅಡ್ಡ ಬಂದು, "ಇರ್ಲಿ ಬಿಡ್ರಲೇ, ಇಲಿ ಹಿಡೀತೈತಿ" ಎಂದು ಇಟ್ಟುಕೊಂಡರು. ಅದು ಇಲಿಯನ್ನೂ ಹಿಡಿಯಿತು, ಮಾವನವರು ಅತ್ತೆಯ ಕಣ್ಣು ತಪ್ಪಿಸಿ ತರುತ್ತಿದ್ದ ಕೋಳಿ ತತ್ತಿಯನ್ನೂ ತಿಂದಿತು. ಬಿಸಿಲೇರಿದರೆ ಹಿತ್ತಲ ಕಲ್ಲುಬಾನಿಯ ನೀರಿನಲ್ಲಿ ಮೂಗಷ್ಟೇ ಹೊರಗಿಟ್ಟು ಬಿದ್ದಿರುತ್ತಿತ್ತು. ಅತ್ತೆಯ ಬಾಯಲ್ಲಿ ಅದಕ್ಕೆ ಇದ್ದ ಹೆಸರು ಒಂದೇ, 'ಹಾಳಾದ್ದು'.

ಈ ಬೇಸಿಗೆ ಮಾವನವರೂ ನಮ್ಮ ಮನೆಯವರೂ ಹತ್ತಿ ಮಾರಾಟಕ್ಕೆ ರೋಣಕ್ಕೆ ಹೋದರು. ಎಂಟು ದಿನ ಅಲ್ಲೇ ಉಳಿಯುವವರು. ಬಸ್ಸಿಗೆ ಹೊರಡುವಾಗ ಮಾವನವರು ನನ್ನನ್ನು ಕರೆದು, "ಯವ್ವಾ, ಅದನ್ನ ನೋಡ್ಕೊ. ನಿಮ್ಮತ್ತಿ ನೋಡಂಗಿಲ್ಲ" ಅಂದರು. ಅವರು ಹೋದ ಮರುದಿನವೇ ಅದರ ಮೈ ಬೂದಿ ಬಣ್ಣಕ್ಕೆ ತಿರುಗಿತು. ಬೆನ್ನ ಮೇಲೆ ಅಲ್ಲಲ್ಲಿ ಬೊಬ್ಬೆಯ ಹಾಗೆ ಉಬ್ಬಿ ಚಕ್ಕೆ ಏಳತೊಡಗಿತು.

ನಮ್ಮ ಓಣಿಯಲ್ಲಿ ಆಗ ಎರಡು ಮನೆಯ ಬಾಗಿಲಿಗೆ ಬೇವು ಕಟ್ಟಿದ್ದರು. ಸಿಡುಬು ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ಅಮ್ಮ ಬಂದಾಳ ಅನ್ನಬೇಕು. ಅತ್ತೆ ಉಡವನ್ನು ಒಮ್ಮೆ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

"ಅಮ್ಮ ಬಂದಾಳ."

"ಉಡಕ್ಕ ಬರ್ತಾಳೇನ್ರಿ ಅತ್ತ್ಯಾರ?"

"ಕುರಿಗೆ ಬರ್ತಾಳ, ಎಮ್ಮಿಗೆ ಬರ್ತಾಳ, ಕೋಳಿಗೆ ಬರ್ತಾಳ. ಉಡ ಏನ್ ಆಕಿ ಬೀಗರ ಪೈಕೀನ, ಬಿಟ್ಟು ಹೋಗಾಕ?"

ಅಂದಿನಿಂದ ಮನೆಯಲ್ಲಿ ಒಗ್ಗರಣೆ ನಿಂತಿತು. ತತ್ತಿ ನಿಂತಿತು. ಎಲ್ಲಕ್ಕಿಂತ ಹೆಚ್ಚಾಗಿ ನೀರು ನಿಂತಿತು. ಅಮ್ಮ ಬಂದ ಮೈಗೆ ಒಂಬತ್ತು ದಿನ ನೀರು ತಾಗಬಾರದು. ಅತ್ತೆ ಬಾನಿ ಬರಿದು ಮಾಡಿಸಿ, ಉಡವನ್ನು ಹತ್ತಿ ಕೋಣೆಗೆ ಸೇರಿಸಿ ಬೇವು ಹಾಸಿದರು. ನಿನ್ನೆಯ 'ಹಾಳಾದ್ದು' ಇಂದು 'ತಾಯಿ' ಆಯಿತು. "ಉಣ್ಣವ್ವ ತಾಯಿ, ತಪ್ಪಾಗಿದ್ರ ಹೊಟ್ಯಾಗ ಹಾಕ್ಕೊ" ಎಂದು ಮೊಸರನ್ನದ ಬಟ್ಟಲಿಟ್ಟು ಕೈಮುಗಿದರೆ, ಉಡ ಒಮ್ಮೆ ನಾಲಿಗೆ ಚಾಚಿ ಬೆನ್ನು ತಿರುಗಿಸುತ್ತಿತ್ತು.

ಈಗ ಹೇಳುವಾಗ ನಗು ಬರುತ್ತದೆ. ಆಗ ಬರಲಿಲ್ಲ. ಮೂರನೆಯ ದಿನಕ್ಕೆ ಅದರ ಬೆರಳುಗಳ ಮೇಲೆ ಒಣಗಿದ ತೊಗಲು ದಾರ ಸುತ್ತಿದಂತೆ ಬಿಗಿಯಿತು. ಬಲಗಾಲಿನ ಒಂದು ಬೆರಳು ಊದಿ ಕಪ್ಪಗಾಯಿತು. ನಾಲ್ಕನೆಯ ದಿನ ಕಣ್ಣು ಮುಚ್ಚಿತು. ಅತ್ತೆ ಮಲಗಿದ್ದಾಗ ನಾನು ಚೊಂಬಿನಲ್ಲಿ ನೀರು ತುಂಬಿಕೊಂಡು ಕೋಣೆಯ ಹೊಸ್ತಿಲ ತನಕ ಹೋದೆ. ನನ್ನ ತವರು ರಾಜೂರು. ಅಲ್ಲಿ ಒಬ್ಬಾಕೆ ಒಂಬತ್ತು ದಿನ ತುಂಬುವ ಮೊದಲೇ ಮಗನ ಮೈತೊಳೆದು, ಅಮ್ಮ ಮುನಿದು, ಇಡೀ ಮನೆಯೇ ಬರಿದಾಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹೊಸ್ತಿಲಲ್ಲಿ ಅದು ನೆನಪಾಗಿ ಹಿಂದೆ ಸರಿದೆ, ಅರ್ಧ ನೀರು ನನ್ನ ಸೀರೆಯ ಮೇಲೇ ಚೆಲ್ಲಿತು. ಉಳಿದದ್ದನ್ನು ತುಳಸಿಗೆ ಹಾಕಿ ಒಳಗೆ ಬಂದು ಕೂತೆ.

ಐದನೆಯ ದಿನ ಬೆಣ್ಣೆಯ ಮುದುಕಿ ಬಂದಳು. ಒಳಗೆ ಬರಬೇಡ, ಅಮ್ಮ ಇದ್ದಾಳೆ ಎಂದರೆ, "ನನಗ ಯಾವಾಗ್ಲೋ ಬಂದು ಹೋಗ್ಯಾಳ" ಎಂದು ಕಲೆ ತುಂಬಿದ ಕೆನ್ನೆ ತೋರಿಸಿ ಬಂದೇಬಿಟ್ಟಳು. ಬಗ್ಗಿ ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದಳು.

"ಅವ್ವಾರ, ಇದು ಅಮ್ಮ ಅಲ್ರಿ, ಪೊರಿ. ಹಳ್ಳದ ನೀರಾಗ ಬಿದ್ದು, ಕಲ್ಲಿಗೆ ಮೈ ತಿಕ್ಕಿ ಬಿಡ್ತಾವ ಇವು. ನೀವು ಹಪ್ಪಳ ಒಣಗಿಸಿದಂಗ ಒಣಗಿಸೀರಿ. ಇವತ್ತ ನೀರು ಕಾಣ್ಲಿಲ್ಲಂದ್ರ ಇದು ಉಳಿಯಂಗಿಲ್ಲ."

"ಹಾವು ಪೊರಿ ಬಿಟ್ರ ಅಂಗಿ ಕಳದಂಗ ಕಳೀತೈತಿ. ಇದು ಚಕ್ಕಿ ಚಕ್ಕಿ ಉದರ್ತೈತಿ" ಅಂದರು ಅತ್ತೆ.

"ಹಾವಿಗೆ ಕೈ ಕಾಲು ಅದಾವೇನ್ರಿ? ತೋಳಿದ್ದ ಅಂಗಿ ಕಳ್ಯಾಕ ತ್ರಾಸ ಇರ್ತೈತಿ."

"ನಿನಗೇನ, ಬೆಣ್ಣಿ ಮಾರಿ ಹೊಕ್ಕಿ. ನೀರು ಹಾಕಿದ ಮ್ಯಾಲ ಅಮ್ಮನ ಆಗಿದ್ರ? ಮನ್ಯಾಗ ಗಂಡಸರಿಲ್ಲ."

ಅತ್ತೆಯ ಹಣೆ ಬೆವೆತಿತ್ತು. ಐದು ದಿನ ನಾನು ಅವರ ಹಟ ಎಂದುಕೊಂಡಿದ್ದು ಹೆದರಿಕೆಯಾಗಿತ್ತು. "ಅತ್ತ್ಯಾರ, ಮಾವಾರಿಗೆ ಏನಂತ ಹೇಳಲ್ರಿ?" ಎಂದೆ.

ಅತ್ತೆ ಬೆರಳು ಮಡಿಚತೊಡಗಿದರು.

"ಮನಶಾರಿಗೆ ಒಂಬತ್ತ ದಿನ. ಎಮ್ಮಿಗೆ ಐದು. ಕೋಳಿಗೆ ಮೂರು. ಹೌದಿಲ್ಲೋ?"

"ಹೌದ್ರಿ" ಅಂದಳು ಮುದುಕಿ.

"ಉಡ ತತ್ತಿ ಇಡೂ ಜಾತಿ. ಕೋಳಿ ಲೆಕ್ಕಕ್ಕ ಬರ್ತೈತಿ. ಮೂರ ದಿನ ಮುಗದು ಎರಡ ದಿನ ಆತು. ಅಮ್ಮ ಬಂದಿದ್ರೂ ಹೊಳ್ಳಿ ಹೋಗ್ಯಾಳ." ಥಟ್ಟನೆ ಎದ್ದರು. "ನೋಡ್ಕೋತ ಕುಂತೀಯಲ್ಲ! ಬೆಚ್ಚನ್ನ ನೀರು ತಾ, ಲಗೂ!"

ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ನೀರು ಹಾಕಿದೆವು. ಯಾವುದಕ್ಕೂ ಇರಲಿ ಎಂದು ಅತ್ತೆ ಅದರಲ್ಲೂ ನಾಲ್ಕು ಬೇವಿನೆಲೆ ಬಿಟ್ಟು, ಪರಾತದ ಅಂಚು ಹಿಡಿದು ಕೂತರು. ಉಡ ಹಸಿ ಕಟ್ಟಿಗೆಯ ಹಾಗೆ ನೀರಿನಲ್ಲಿ ಬಿದ್ದುಕೊಂಡಿತು. ಮುದುಕಿ ಕುತ್ತಿಗೆ ಹಿಡಿದಳು. ನಾನು ಹಳೆಯ ಪಂಚೆಯ ಚೂರು ನೆನೆಸಿ ಬೆರಳು ಒರೆಸತೊಡಗಿದೆ.

"ಜಗ್ಗಬ್ಯಾಡ ತಂಗಿ, ಹಸಿ ತೊಗಲು ಕಿತ್ತು ಬರ್ತೈತಿ. ನೆನೀಲಿ, ತಾನ ಬಿಡಲಿ."

ಮೂರನೆಯ ಬೆರಳಿಗೆ ಅದು ಸರಕ್ಕನೆ ಹೊರಳಿ ನನ್ನ ಮುಂಗೈ ಹಿಡಿಯಿತು. ಉಡ ಹಿಡಿದರೆ ಬಿಡುವುದಿಲ್ಲ ಎಂದು ಕೇಳಿ ಬೆಳೆದವಳು ನಾನು. ಉಗುರು ಇಳಿದು ರಕ್ತ ಬಂತು, ಇನ್ನೊಂದು ಕೈಯಿಂದ ಒರೆಸುತ್ತಲೇ ಇದ್ದೆ. ಕಿರುಚಲಿಲ್ಲ. ಕಿರುಚಿದರೆ ಅತ್ತೆ ಪರಾತ ಬಿಟ್ಟು ಓಡುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡು, "ಎಷ್ಟಾತು? ಇನ್ನ ಎಷ್ಟ ಅದಾವ?" ಎಂದು ಕೇಳುತ್ತಲೇ ಇದ್ದರು. ಒಂದೊಂದೇ ಬೆರಳಿನಿಂದ ತೊಗಲು ಉಂಗುರದ ಹಾಗೆ ಕಳಚಿ ನೀರಿನಲ್ಲಿ ತೇಲಿತು. ಕಪ್ಪು ಬೆರಳಿನದು ಕಳಚಿದರೂ ಬೆರಳು ಮಿಸುಕಲಿಲ್ಲ.

ಕೊನೆಗೆ ಮುದುಕಿ ಗಡಿಗೆಯಿಂದ ಕಡಲೆಕಾಳಿನಷ್ಟು ಬೆಣ್ಣೆ ತೆಗೆದು ಮುಚ್ಚಿದ ಕಣ್ಣಿಗೆ ಸವರಿದಳು. ಕಾದೆವು. ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ತೆಳು ಪೊರೆ ಅಂಚಿನಲ್ಲಿ ಎದ್ದಿತು. ಅದನ್ನು ಬಟ್ಟೆಯಿಂದ ಮೆಲ್ಲಗೆ ಎತ್ತಿದೆ. ರೆಪ್ಪೆ ಬಿಚ್ಚಿತು. ಒಳಗೆ ಕಣ್ಣು ಸ್ವಚ್ಛವಾಗಿತ್ತು. ಅದು ನೇರವಾಗಿ ಅತ್ತೆಯನ್ನು ನೋಡಿತು. ಅತ್ತೆ "ಅಯ್ಯ ನಮ್ಮವ್ವ!" ಎಂದು ಹತ್ತಿಯ ರಾಶಿಯ ಮೇಲೆ ಕುಸಿದು ಕೂತರು.

ಮಾವನವರು ರೋಣದಿಂದ ಬರುವ ಹೊತ್ತಿಗೆ ಆ ಬೆರಳು ಉದುರಿತ್ತು. ನಡೆದದ್ದನ್ನೆಲ್ಲ ಕೇಳಿ, ನಾಲ್ಕೇ ಬೆರಳಿನ ಆ ಪಾದವನ್ನು ಅವರು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಮಳಿ ಆಗಿ ಹಳ್ಳಕ್ಕ ನೀರು ಬರ್ಲಿ, ಬಿಟ್ಟು ಬರೂನು" ಅಂದರು. ಮುಂಗಾರಿನ ಎರಡು ಮಳೆಯಾದ ಮೇಲೆ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಬಂಡಿ ಕಟ್ಟಿಸಿ ಊರ ಹೊರಗಿನ ಹಳ್ಳಕ್ಕೆ ಒಯ್ದರು. ನಾನೂ ಅತ್ತೆಯೂ ಬಂಡಿಯಲ್ಲಿದ್ದೆವು. ಬುಟ್ಟಿ ಓರೆ ಮಾಡಿದಾಗ ಅದು ಸ್ವಲ್ಪ ಹೊತ್ತು ಮರಳಿನ ಮೇಲೆ ನಿಂತು, ಆಮೇಲೆ ನೀರಿಗೆ ಇಳಿಯಿತು.